ನಲವತ್ತು ದಿನದ ಕೋಣೆ, ಒಂದು ಬಟ್ಟಲು ಮೆಂತೆ ಗಂಜಿ

ಬಾಣಂತನವೆಂದರೆ ಲೇಹ್ಯದ ಭರಣಿಯೋ, ಆ ಲೇಹ್ಯ ಕದಡಿದ ಕೈಯೋ? ಭರಣಿ ಈಗ ಅಂಗಡಿಯಲ್ಲಿ ಸಿಗುತ್ತದೆ. ಕೈಗಳದ್ದೇ ಚಿಂತೆ.

ಉಡುಪಿ ಹತ್ತಿರದ ಕಟಪಾಡಿ ಪೇಟೆಯಲ್ಲಿ ನಿಂತು ಪಡುವಣಕ್ಕೆ ತಿರುಗಿದರೆ ಮಟ್ಟು, ಮೂಡಣಕ್ಕೆ ಶಿರ್ವದ ದಾರಿ ಹಿಡಿದರೆ ಶಂಕರಪುರ. ಒಂದು ಊರು ಗುಳ್ಳಕ್ಕೆ ಹೆಸರಾದರೆ ಇನ್ನೊಂದು ಮಲ್ಲಿಗೆಗೆ. ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಪರವೂರಿನ ನೆಂಟರಿಗೆ ಹೇಳಿಕೊಳ್ಳಲು ನಮಗೆ ಎರಡೂ ಬೇಕು. ಆದರೆ ಈ ಎರಡು ಊರುಗಳ ನಡುವಿನ ಯಾವ ಮನೆಯಲ್ಲಾದರೂ ಹೆಣ್ಣೊಬ್ಬಳು ಹೆತ್ತು ಮಲಗಿದಳೆಂದರೆ, ಎರಡಕ್ಕೂ ಆ ಕೋಣೆಯ ಹೊಸ್ತಿಲಲ್ಲೇ ತಡೆ. ಗುಳ್ಳ ಬದನೆಯ ಜಾತಿ, ಬದನೆ ನಂಜು, ಬಾಣಂತಿಗೆ ಆಗದು. ಮಲ್ಲಿಗೆ ಎದೆಯ ಹತ್ತಿರ ಬಂದರೆ ಹಾಲು ಬತ್ತುತ್ತದೆ.

ಈ ಎರಡು ಮಾತಲ್ಲಿ ಒಂದಕ್ಕೆ ಆಧಾರ ಉಂಟು, ಇನ್ನೊಂದಕ್ಕೆ ಇಲ್ಲ. ಬದನೆಯಿಂದ ಬಾಣಂತಿಗೆ ಕೇಡಾಗುತ್ತದೆ ಎನ್ನಲು ವೈದ್ಯಶಾಸ್ತ್ರದಲ್ಲಿ ಪುರಾವೆಯಿಲ್ಲ. ಮಲ್ಲಿಗೆಯ ಕತೆ ಬೇರೆ. ಹಾಲು ನಿಲ್ಲಿಸಲೇಬೇಕಾದ ಸಂದರ್ಭದಲ್ಲಿ ಎದೆಗೆ ಮಲ್ಲಿಗೆ ಕಟ್ಟುವ ರೂಢಿ ದಕ್ಷಿಣ ಭಾರತದ ಹಲವೆಡೆ ಇತ್ತು. ಅದನ್ನೇ ಪರೀಕ್ಷೆಗೆ ಹಚ್ಚಿದ ವೆಲ್ಲೂರಿನ ವೈದ್ಯರು 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಹಾಲು ನಿಲ್ಲಿಸಲು ಆಗ ಕೊಡುತ್ತಿದ್ದ ಬ್ರೋಮೋಕ್ರಿಪ್ಟಿನ್ ಮಾತ್ರೆಯ ಎದುರು ಮಲ್ಲಿಗೆ ಹೂವನ್ನಿಟ್ಟು ನೋಡಿದಾಗ, ಎದೆ ಬಿಗಿತ ಮತ್ತು ಹಾಲಿನ ಪ್ರಮಾಣ ತಗ್ಗಿಸುವುದರಲ್ಲಿ ಹೂವೂ ಕೆಲಸ ಮಾಡಿತ್ತು. ಅವರು ಬಳಸಿದ್ದು ಜಾಸ್ಮಿನಮ್ ಸಂಬಾಕ್. ನಮ್ಮ ಶಂಕರಪುರ ಮಲ್ಲಿಗೆಯೂ ಅದೇ ಜಾತಿ. ಹಾಗೆಂದು ತಲೆಗೆ ಒಂದು ತುಂಡು ಮಲ್ಲಿಗೆ ಮುಡಿದ ಬಾಣಂತಿ ಹೆದರಬೇಕಿಲ್ಲ. ಮುಡಿಯುವುದು ಬೇರೆ, ಎದೆಗೆ ಹೂ ಕಟ್ಟಿಕೊಂಡು ದಿನಗಟ್ಟಲೆ ಇರುವುದು ಬೇರೆ.

ನಮ್ಮ ಬಾಣಂತನ ಪೂರ್ತಿ ಹೀಗೆಯೇ. ಕಾಳೂ ಇದೆ, ಜೊಳ್ಳೂ ಇದೆ. ‘ಹಿಂದಿನವರು ಸುಮ್ಮನೆ ಮಾಡಿದ್ದಲ್ಲ’ ಎಂದು ಎಲ್ಲವನ್ನೂ ನುಂಗುವವರು ಒಂದು ಕಡೆ, ‘ಎಲ್ಲ ಮೂಢನಂಬಿಕೆ’ ಎಂದು ಎಲ್ಲವನ್ನೂ ಚೆಲ್ಲುವವರು ಇನ್ನೊಂದು ಕಡೆ. ಗೆರಸೆ ಹಿಡಿದು ಕೇರುವವರು ಕಡಿಮೆ.

ಪೆದ್ಮೆದಿಯ ಕೋಣೆ

ತುಳುವಿನಲ್ಲಿ ಹೆತ್ತವಳು ‘ಪೆದ್ಮೆದಿ’, ಹೆರಿಗೆಯ ಸೂತಕ ‘ಅಮೆ’. ಕೊಂಕಣಿ ಮನೆಯಲ್ಲಿ ಆಕೆ ‘ಬಾಳಂತಿ’. ಬಿಲ್ಲವರು, ಬಂಟರು, ಮೊಗವೀರರು, ಬ್ರಾಹ್ಮಣರು, ಕೊಂಕಣಿಗರು, ಬ್ಯಾರಿಗಳು, ಕ್ರೈಸ್ತರು ಎಲ್ಲ ಒತ್ತೊತ್ತಾಗಿ ಬಾಳುವ ಈ ಸೀಮೆಯಲ್ಲಿ ಊಟದ ಪದ್ಧತಿ ಬೇರೆ, ಶುದ್ಧದ ದಿನ ಬೇರೆ, ಹೆಸರಿಡುವ ಶಾಸ್ತ್ರ ಬೇರೆ. ಕೋಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಮನೆಯ ಒಳಮೂಲೆಯಲ್ಲಿ ಗಾಳಿ ಬೀಸದ ಜಾಗ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿದು ಕಟ್ಟಿದ ಹಳೆಯ ಸೀರೆ, ಮಂಚದ ಪಕ್ಕದಲ್ಲಿ ತೊಟ್ಟಿಲು.

ಎಷ್ಟು ದಿನ? ಜನರ ಬಾಯಲ್ಲಿ ನಲವತ್ತು. ಆಯುರ್ವೇದದ ಹಳೆಯ ಗ್ರಂಥಗಳು ಹೆತ್ತವಳನ್ನು ‘ಸೂತಿಕಾ’ ಎಂದು ಕರೆದು ಒಂದೂವರೆ ತಿಂಗಳ ಆರೈಕೆ ಹೇಳುತ್ತವೆ. ಆಸ್ಪತ್ರೆಯ ಲೆಕ್ಕದಲ್ಲಿ ಆರು ವಾರ, ಅಂದರೆ 42 ದಿನ. ಮೂರು ದಾರಿಯಿಂದ ಬಂದವರು ಒಂದೇ ಕಟ್ಟೆಗೆ ಬಂದು ಕುಳಿತ ಹಾಗಾಯಿತು. ಇದು ಕಾಕತಾಳೀಯವಲ್ಲ. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರಗಳಲ್ಲಿ ನೂರು ಗ್ರಾಮಿಗೂ ಕೆಳಕ್ಕೆ ಇಳಿಯುತ್ತದೆ. ಮೈಯೊಳಗಿನ ಗಾಯ ಮಾಯುವ ಆ ಅವಧಿಯನ್ನು ನಮ್ಮ ಅಜ್ಜಿಯಂದಿರು ತೂಕದ ಕಲ್ಲಿಲ್ಲದೆ ಅಳೆದಿದ್ದರು.

ಆ ಕೋಣೆಯ ದಿನಚರಿಯ ನಡುಗಂಬ ಸ್ನಾನ. ಬೆಳಿಗ್ಗೆ ಆರಕ್ಕೇ ಬಚ್ಚಲ ಒಲೆಗೆ ಕೊತ್ತಳಿಗೆ, ತೆಂಗಿನ ಗರಿ ತುರುಕಿ ಬೆಂಕಿ ಹಾಕುತ್ತಾರೆ. ಹಂಡೆಯ ನೀರಿಗೆ ನೆಕ್ಕಿ (ಲಕ್ಕಿ) ಸೊಪ್ಪು. ನೀರು ಕಾಯುವಷ್ಟರಲ್ಲಿ ಮೀಯಿಸುವ ಹೆಂಗಸು ಬಂದಿರುತ್ತಾಳೆ. ಮೊದಲು ಬಿಸಿ ಎಣ್ಣೆ. ನೆತ್ತಿಗೆ ತಟ್ಟಿ, ಬೆನ್ನಿಗೆ ನೀವಿ, ಸೊಂಟದ ಎರಡೂ ಬದಿಗೆ ಹೆಬ್ಬೆರಳಿನಿಂದ ಒತ್ತಿ, ಕಾಲಿನ ಮೀನಖಂಡವನ್ನು ಹಿಂಡುತ್ತಾಳೆ. ಆಮೇಲೆ ಅರಿಶಿನ. ಬಳಿಕ ಚೊಂಬಿನಿಂದ ಬೆನ್ನಿಗೆ ನೀರು ಬೀಸುತ್ತಾಳೆ, ಸುರಿಯುವುದಲ್ಲ, ಬೀಸುವುದು. ಹಬೆಯ ನಡುವೆ ಕುಳಿತವಳು ‘ಅಯ್ಯೋ ಬಿಸಿ’ ಎಂದರೆ ‘ಈಗ ತಡೆದರೆ ಮುಂದೆ ಸೊಂಟ ಹಿಡಿಯುವುದಿಲ್ಲ ಮಗಾ’ ಎಂಬ ಉತ್ತರ ಸಿದ್ಧವಿರುತ್ತದೆ. ಮಿಂದು ಬಂದವಳಿಗೆ ಕಂಬಳಿ ಹೊದೆಸಿ ಮಲಗಿಸಿದರೆ ಮೈಯೆಲ್ಲ ಬೆವೆತು, ಗಾಢ ನಿದ್ದೆ.

ಆ ನಿದ್ದೆಯೇ ಬಾಣಂತನದ ತಿರುಳು ಎಂದು ನನಗೆ ಅನ್ನಿಸಿದೆ. ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿಸುವವಳಿಗೆ ಹಗಲಲ್ಲಿ ಒಂದು ಗಂಟೆ ಕಣ್ಣು ಮುಚ್ಚಲು ಬಿಡುವ ಏರ್ಪಾಡು ಅದು. ಮಗುವನ್ನು ಬೇರೊಬ್ಬರು ಎತ್ತಿಕೊಂಡಿದ್ದಾರೆ, ಅಡುಗೆ ಇನ್ನೊಬ್ಬರದ್ದು, ಬಟ್ಟೆ ಮತ್ತೊಬ್ಬರದ್ದು. ಹೊಟ್ಟೆಯ ಸೀರೆ ಬಿಗಿಯಾಗಿದ್ದರಿಂದ ಹೊಟ್ಟೆ ಇಳಿಯಿತೋ ಇಲ್ಲವೋ, ನಾಲ್ಕು ಜನ ಸೇರಿ ಅವಳ ಪಾಲಿನ ಕೆಲಸ ಹೊತ್ತಿದ್ದಂತೂ ಹೌದು.

ಈ ಹೊರುವಿಕೆಗೆ ತುಳುನಾಡಿನಲ್ಲಿ ಇನ್ನೊಂದು ಬಲವಿತ್ತು. ಅಳಿಯಸಂತಾನ ಪದ್ಧತಿಯ ಬಂಟರು, ಬಿಲ್ಲವರು, ಮೊಗವೀರರಲ್ಲಿ ಮಗು ತಾಯಿಯ ‘ಬರಿ’ಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದ್ದು. ಹೆರಿಗೆಗೆ ತವರಿಗೆ ಬರುವವಳು ನೆಂಟಳಾಗಿ ಬರುತ್ತಿರಲಿಲ್ಲ, ಮನೆಯ ಹಕ್ಕುದಾರಳಾಗಿ, ಕುಟುಂಬದ ಮುಂದಿನ ಕುಡಿಯನ್ನು ಹೊತ್ತು ಬರುತ್ತಿದ್ದಳು. ಆಸ್ತಿಯ ಕಾನೂನು ಬದಲಾಗಿ ದಶಕಗಳೇ ಕಳೆದವು. ಆದರೂ ಬಯಕೆ ಊಟ ಉಣಿಸಿ ಮಗಳನ್ನು ಕರೆತರುವಾಗ ತಾಯಿಮನೆಯವರಲ್ಲಿ ಕಾಣುವ ಗತ್ತು ಅಲ್ಲಿಂದ ಬಂದದ್ದು.

ಒಂದು ಮಾತು ಮರೆಯಬಾರದು. ನಲವತ್ತು ದಿನ ಮಲಗುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಗದ್ದೆಯಲ್ಲಿ ನೇಜಿ ನೆಡುವವಳು, ಮೀನಿನ ಬುಟ್ಟಿ ಹೊರುವವಳು ಅಮೆ ಕಳೆಯುತ್ತಲೇ ಕೆಲಸಕ್ಕೆ ಇಳಿದದ್ದುಂಟು. ಬೀಡಿ ಕಟ್ಟುವ ಮನೆಯಲ್ಲಿ ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ, ಮಡಿಲಲ್ಲಿ ಸೂಪು (ಮೊರ) ಇಟ್ಟುಕೊಂಡು ಸಾವಿರದ ಲೆಕ್ಕ ಮುಗಿಸಿದವರೂ ನಮ್ಮವರೇ. ತಂಬಾಕಿನ ಧೂಳಿನ ನಡುವೆ ಹಸುಗೂಸು ಮಲಗಿರುತ್ತಿತ್ತು. ಬಾಣಂತನದ ಸೊಗಸನ್ನು ಬರೆಯುವಾಗ ಈ ಹೆಂಗಸರನ್ನು ಬಿಟ್ಟರೆ ಬರೆದದ್ದು ಅರ್ಧ ಸುಳ್ಳಾಗುತ್ತದೆ.

ಗಂಜಿಯ ಲೆಕ್ಕ

ಕರಾವಳಿಯ ಬಾಣಂತಿಯ ತಟ್ಟೆಗೆ ಒಡೆಯ ಮೆಂತೆ ಗಂಜಿ. ಆಟಿ ಅಮಾವಾಸ್ಯೆಯಂದು ಹಾಲೆಮರದ ಕೆತ್ತೆಯ ಕಹಿ ಕಷಾಯ ಕುಡಿದ ಮೇಲೆ ಮನೆಮಂದಿಗೆಲ್ಲ ಸಿಗುವ ಗಂಜಿಯೇ ಬಾಣಂತಿಗೆ ಬೆಳಗಿನ ನೇಮ.

ಮಾಡುವುದು ಕಷ್ಟವಲ್ಲ, ತಾಳ್ಮೆ ಬೇಕು. ರಾತ್ರಿ ಎರಡು ಚಮಚ ಮೆಂತೆಯನ್ನು ನೀರಿಗೆ ಹಾಕಿಡಬೇಕು. ಬೆಳಿಗ್ಗೆ ಉಬ್ಬಿದ ಮೆಂತೆಯನ್ನು ಒಂದು ಹಿಡಿ ಅಕ್ಕಿಯ ಜೊತೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅಷ್ಟರಲ್ಲಿ ತೆಂಗಿನಕಾಯಿ ತುರಿದು, ಅರೆದು, ಹಿಂಡಿ, ಮೊದಲ ದಪ್ಪ ಹಾಲನ್ನು ಬೇರೆ, ಎರಡನೆಯ ನೀರು ಹಾಲನ್ನು ಬೇರೆ ತೆಗೆದಿಡಬೇಕು. ಅಗುಳು ಕರಗುವಂತಾದಾಗ ನೀರು ಹಾಲು, ಬೆಲ್ಲ, ಚಿಟಿಕೆ ಉಪ್ಪು. ಬೆಲ್ಲದ ಹಸಿ ವಾಸನೆ ಹೋದ ಮೇಲೆ ದಪ್ಪ ಹಾಲು ಹಾಕಿ, ಒಂದು ಕುದಿ ಬರುವ ಮೊದಲೇ ಇಳಿಸಬೇಕು. ಕುದಿಸಿದರೆ ಹಾಲು ಒಡೆಯುತ್ತದೆ. ಬಟ್ಟಲಿಗೆ ಬಡಿಸಿ ಮೇಲೊಂದು ಚಮಚ ತುಪ್ಪ.

ಈಗ ಲೆಕ್ಕ ಹಾಕೋಣ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋ ಕ್ಯಾಲರಿ ಹೆಚ್ಚು ಬೇಕು, ಸುಮಾರು 17 ಗ್ರಾಂ ಪ್ರೊಟೀನ್ ಹೆಚ್ಚು ಬೇಕು ಎಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿವೆ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 60 ಗ್ರಾಂ ಅಕ್ಕಿ, 10 ಗ್ರಾಂ ಮೆಂತೆ, 100 ಮಿಲಿಲೀಟರ್ ದಪ್ಪ ಕಾಯಿಹಾಲು, 30 ಗ್ರಾಂ ಬೆಲ್ಲ, ಒಂದು ಚಮಚ ತುಪ್ಪ, ಇಷ್ಟನ್ನು ಕೂಡಿಸಿದರೆ ಹತ್ತಿರ ಹತ್ತಿರ ಅದೇ 600 ಕಿಲೋ ಕ್ಯಾಲರಿ ಬರುತ್ತದೆ. ಅಜ್ಜಿಯ ಬಟ್ಟಲು, ಹೈದರಾಬಾದಿನ ಕೋಷ್ಟಕ ಎರಡೂ ತಾಳೆಯಾದವು.

ಆದರೆ ಅದೇ ಬಟ್ಟಲಿನ ಪ್ರೊಟೀನ್ ಹತ್ತು ಗ್ರಾಮಿನ ಆಸುಪಾಸು. ಏಳು ಗ್ರಾಂ ಕೊರತೆ. ಇಲ್ಲಿಯೇ ನಮ್ಮ ಬಾಣಂತನ ಎಡವುವುದು. ತುಪ್ಪ, ಬೆಲ್ಲ, ಕಾಯಿ ಧಾರಾಳ. ಬೇಳೆಗೆ ‘ವಾಯು’ ಎಂಬ ಅಪವಾದ, ಮೊಟ್ಟೆಗೆ ‘ಉಷ್ಣ’ ಎಂಬ ಅಪವಾದ. ಒಂದು ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ ಆ ಕೊರತೆ ತುಂಬಿ ಮಿಗುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ ಹೆಸರುಕಾಳಿನ ತೊವ್ವೆ, ಉದ್ದಿನ ದೋಸೆ, ಮೊಸರು ಇವೆ. ತಿಮರೆ (ಒಂದೆಲಗ) ಚಟ್ನಿ, ನುಗ್ಗೆ ಸೊಪ್ಪು, ಹರಿವೆ ಹಿತ್ತಲಲ್ಲೇ ಇವೆ.

ಗ್ರಂಥಿಗೆ ಅಂಗಡಿಗೆ ಹೋಗಿ ‘ಬಾಣಂತಿ ಮದ್ದು’ ಎಂದರೆ ಸಾಕು, ಚೀಟಿ ಕೇಳದೆ ಕಟ್ಟಿಕೊಡುತ್ತಾರೆ. ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಓಮ, ಜೀರಿಗೆ, ಜಾಯಿಕಾಯಿ, ಜಾಪತ್ರೆ, ಶತಾವರಿ. ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎಂಬ ಸೊಗಸಾದ ಹೆಸರಿದೆ. ಬೊಳ್ಳುಳ್ಳಿ ಲೇಹ್ಯ ಮನೆಯಲ್ಲೇ ಆಗಬೇಕು. ಸಿಪ್ಪೆ ಸುಲಿದ ಬೊಳ್ಳುಳ್ಳಿಯನ್ನು ಹಾಲಲ್ಲಿ ಬೇಯಿಸಿ, ಮಸೆದು, ಓಲೆಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಬಿಡುತ್ತ, ತಳ ಬಿಡುವವರೆಗೆ ಕದಡಿದವರ ರಟ್ಟೆಗೆ ಕೇಳಬೇಕು ಅದರ ರುಚಿ. ಇವೆಲ್ಲ ಹಸಿವು ಹುಟ್ಟಿಸುತ್ತವೆ, ಹೊಟ್ಟೆ ಹಗುರವಾಗಿಸುತ್ತವೆ. ಆದರೆ ಹಾಲು ಹೆಚ್ಚಿಸುವ ನಿಜವಾದ ಮದ್ದು ಮಗುವಿನ ಬಾಯಿ. ಮಗು ಎಷ್ಟು ಸಲ ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ಮೆಂತೆಯಿಂದ ಹಾಲು ಹೆಚ್ಚುತ್ತದೆ ಎನ್ನುವ ಅಧ್ಯಯನಗಳಿವೆ, ಅವು ಸಣ್ಣವು. ಸಕ್ಕರೆ ಕಾಯಿಲೆಗೋ ರಕ್ತ ಹೆಪ್ಪುಗಟ್ಟದಿರಲೆಂದೋ ಔಷಧಿ ತೆಗೆದುಕೊಳ್ಳುವವರು ದಿನಾ ಮೆಂತೆ ಶುರುಮಾಡುವ ಮೊದಲು ವೈದ್ಯರಿಗೆ ಹೇಳಬೇಕು. ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಲೇಹ್ಯದ ಚಮಚ ಲೆಕ್ಕದಲ್ಲಿರಬೇಕು.

ನಂಜಿನ ಪಟ್ಟಿ

ಕೊಡುವ ಪಟ್ಟಿಗಿಂತ ಬಿಡುವ ಪಟ್ಟಿ ಉದ್ದ. ಬದನೆ ಬೇಡ, ಹಲಸು ಬೇಡ, ಬಂಗುಡೆ ಬೇಡ, ಭೂತಾಯಿ ಬೇಡ. ಎಲ್ಲಕ್ಕೂ ಒಂದೇ ಕಾರಣ, ನಂಜು. ಗಾಯಕ್ಕೆ ಕೀವು ತರುವುದು, ಮೈಗೆ ತುರಿಕೆ ತರುವುದು, ಮಗುವಿಗೆ ಹೊಟ್ಟೆನೋವು ತರುವುದು, ಎಲ್ಲಕ್ಕೂ ಅದೊಂದೇ ಹೆಸರು.

ಮೀನಿನ ವಿಷಯದಲ್ಲಿ ಈ ಪಟ್ಟಿ ತಲೆಕೆಳಗಾಗಿದೆ. ಹಲವು ಮನೆಗಳಲ್ಲಿ ಬಾಣಂತಿಗೆಂದೇ ಮರಿ ತಾಟೆ ತರುತ್ತಾರೆ. ಹಾಲು ಹೆಚ್ಚುತ್ತದೆ ಎಂದು ನಂಬಿಕೆ. ತಾಟೆ ಎಂದರೆ ಶಾರ್ಕ್. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ತಿಂದು ಮೈಯಲ್ಲಿ ಪಾದರಸ ಸೇರಿಸಿಕೊಳ್ಳುತ್ತದೆ. ಹಾಲೂಡಿಸುವ ತಾಯಂದಿರು ಶಾರ್ಕ್ ತಿನ್ನಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುವುದು ಇದೇ ಕಾರಣಕ್ಕೆ. ಆ ಆಡಳಿತದ ಪಟ್ಟಿಯಲ್ಲಿ ಅತ್ಯುತ್ತಮ ಆಯ್ಕೆಯ ಮೀನುಗಳ ಸಾಲಿನಲ್ಲಿ ಸಾರ್ಡೀನ್ ಇದೆ. ಸಾರ್ಡೀನ್ ಎಂದರೆ ನಮ್ಮ ಭೂತಾಯಿಯ ಬಳಗ. ಒಮೆಗಾ-3 ಕೊಬ್ಬು, ಪ್ರೊಟೀನ್, ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ. ಮಲ್ಪೆ ಬಂದರಿನಿಂದ ಬರುವ ಮೀನಿನಲ್ಲಿ ಬಡವರ ತಟ್ಟೆಗೆ ಎಟಕುವುದೂ ಅದೇ. ದುಡ್ಡು ಕೊಟ್ಟು ತಾಟೆ ತಂದು, ಭೂತಾಯಿಯನ್ನು ಬಾಗಿಲಾಚೆ ನಿಲ್ಲಿಸಿದ್ದೇವೆ.

ಬಿಡುವ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ನೀರು. ‘ನೀರು ಕುಡಿದರೆ ಹೊಟ್ಟೆ ಬರ್ತದೆ ಮಾರಾಯ್ತಿ’ ಎಂದು ದಿನಕ್ಕೆ ಎರಡು ಲೋಟ ಜೀರಿಗೆ ನೀರಿನಲ್ಲೇ ಮುಗಿಸಿದ ಮನೆಗಳು ಈಗಲೂ ಇವೆ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಕೊಡುವವಳ ಗಂಟಲನ್ನು ಒಣಗಿಸುವುದು ಯಾವ ಶಾಸ್ತ್ರ? ಹೆರಿಗೆಯ ನಂತರದ ಆರು ವಾರ ಹೆಣ್ಣಿನ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿರುತ್ತದೆ. ನೀರು ಕಡಿಮೆ ಮಾಡಿ, ಕಾಲು ಅಲ್ಲಾಡಿಸದೆ ಮಲಗಿಸಿದರೆ ಕಾಲಿನಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಜೀರಿಗೆ ನೀರು ಕೊಡಿ, ಬೇಕಾದಷ್ಟು ಕೊಡಿ. ಕೋಣೆಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ನಡೆಯಲು ಬಿಡಿ.

ಕೆಂಡ, ಲೋಬಾನದ ಹೊಗೆಯೂ ಅಷ್ಟೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಸುಗೂಸಿನ ಶ್ವಾಸಕ್ಕೆ ಅದು ಸುಗಂಧವಲ್ಲ. ಗಿಣ್ಣುಹಾಲು ಹಿಂಡಿ ಚೆಲ್ಲಿ, ಜೇನು ನೆಕ್ಕಿಸಿ, ಬಜೆ-ಅಳಲೆಕಾಯಿ ತೇಯ್ದು ಕುಡಿಸುವ ರೂಢಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ಈ ವಿಷಯದಲ್ಲಿ ವಿನಾಯಿತಿ ಇಲ್ಲ.

ಸನ್ನಿ ಎಂಬ ಮಾತು

‘ಬಾಣಂತಿ ಸನ್ನಿ’ ಎಂದರೆ ಹಳಬರು ಈಗಲೂ ದನಿ ತಗ್ಗಿಸುತ್ತಾರೆ. ಜ್ವರ ಏರಿ ಬಡಬಡಿಸಿದರೂ ಸನ್ನಿ, ಫಿಟ್ಸ್ ಬಂದರೂ ಸನ್ನಿ, ಮಗುವನ್ನು ಮುಟ್ಟಲೊಲ್ಲೆ ಎಂದು ಗೋಡೆ ನೋಡುತ್ತ ಕುಳಿತರೂ ಸನ್ನಿ. ಒಂದೇ ಪದದೊಳಗೆ ಮೂರು ಬೇರೆ ಕಾಯಿಲೆಗಳು ಸೇರಿಕೊಂಡಿದ್ದವು. ಒಂದು ಸೋಂಕು, ಇನ್ನೊಂದು ರಕ್ತದೊತ್ತಡದ ತೊಂದರೆ, ಮತ್ತೊಂದು ಮನಸ್ಸಿನದ್ದು. ಮೂರಕ್ಕೂ ಈಗ ಚಿಕಿತ್ಸೆಯಿದೆ, ಮೂರಕ್ಕೂ ತಡಮಾಡಬಾರದು.

ಅರ್ಧ ಗಂಟೆ, ಒಂದು ಗಂಟೆಯೊಳಗೆ ಪ್ಯಾಡ್ ತೊಯ್ದುಹೋಗುವಷ್ಟು ರಕ್ತಸ್ರಾವ, 100.4 ಡಿಗ್ರಿ ದಾಟಿದ ಜ್ವರ, ಕಣ್ಣು ಮಂಜಾಗಿ ತಲೆ ಸಿಡಿಯುವುದು, ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಎದೆ ಕೆಂಪಾಗಿ ಸುಡುವುದು, ಕೆಟ್ಟ ವಾಸನೆಯ ಸ್ರಾವ. ಇವಕ್ಕೆ ಕಷಾಯ ಕಾಯಿಸುತ್ತ ಕೂರಬಾರದು, ರಿಕ್ಷಾ ಕರೆಯಬೇಕು.

ಮನಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಬಹುಮಂದಿಗೆ ಸಹಜ, ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದಿದ್ದರೆ ಅದು ಖಿನ್ನತೆ ಇರಬಹುದು. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು 22 ತಾಯಂದಿರಿಗೆ ಹೆರಿಗೆಯ ನಂತರದ ಖಿನ್ನತೆ. ಐದು ಬಾಣಂತಿಯರಲ್ಲಿ ಒಬ್ಬಳು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ‘ಹೆಣ್ಣು ಹುಟ್ಟಿತೆಂದು ಬೇಜಾರಾ?’ ‘ಮಗು ಮುಖ ನೋಡಿದರೆ ಎಲ್ಲ ಮರೆತುಹೋಗ್ತದೆ’ ಎಂಬ ಮಾತುಗಳಿಗಿಂತ ಆ ಐದು ಅಂಕಿ ಹೆಚ್ಚು ಉಪಕಾರಿ.

ಆಸ್ಪತ್ರೆ ಹತ್ತಿರ, ಅಂಗನವಾಡಿ ದೂರ

ನಮ್ಮ ಸೀಮೆ ಆಸ್ಪತ್ರೆಯ ವಿಷಯದಲ್ಲಿ ಪುಣ್ಯ ಮಾಡಿದೆ. ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರು, ಮಕ್ಕಳಿಗೆಂದೇ ಆಸ್ಪತ್ರೆ ತೆರೆದದ್ದು 1923ರಲ್ಲಿ. ಹಳಬರಿಗೆ ಅದು ಇವತ್ತಿಗೂ ‘ಮಿಷನ್ ಆಸ್ಪತ್ರೆ’. ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುಮಾಡಿದ್ದು 1953ರಲ್ಲಿ. ಕಟಪಾಡಿಯಿಂದ ಉಡುಪಿಗೆ ಹೋಗುವ ದಾರಿಯಲ್ಲೇ, ಉದ್ಯಾವರ ದಾಟಿದರೆ ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜು ಸಿಗುತ್ತದೆ, 1958ರದ್ದು. ಉಡುಪಿಯ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆ ದಾನಿ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರು ಹೊತ್ತಿದೆ. ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯ ಇನ್ನೊಂದು ಸಾಲು: ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹೆರಿಗೆಯ ದಿನ ಗೆದ್ದೆವು, ಅದರ ಹಿಂದು ಮುಂದಿನ ದಿನಗಳಲ್ಲಿ ಸೋಲುತ್ತಿದ್ದೇವೆ.

ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ, 180 ದಿನ ಕ್ಯಾಲ್ಸಿಯಂ ಮಾತ್ರೆ ನುಂಗಬೇಕು. ಎರಡನ್ನೂ ಒಟ್ಟಿಗೆ ನುಂಗಬಾರದು, ಕಬ್ಬಿಣದ ಮಾತ್ರೆಯ ಮೇಲೆ ಚಾ ಕುಡಿಯಬಾರದು. ಎರಡೂ ಸರ್ಕಾರದಿಂದ ಉಚಿತ. ಎಷ್ಟು ಮನೆಗಳಲ್ಲಿ ಅವು ಕಪಾಟಿನಲ್ಲೇ ಉಳಿದಿವೆ ಎಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಬೇಕು. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬುದು ನಿಯಮ. ಬಂದವರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ, ಬಾಣಂತಿಯನ್ನು ಹೊರಗೆ ಕರೆದು ಮಾತಾಡಿಸಲು ಬಿಡುವ ಮನೆ ಒಳ್ಳೆಯ ಮನೆ.

2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಶುರುವಾದ ಮಾತೃಪೂರ್ಣ ಯೋಜನೆಯ ಆಶಯ ದೊಡ್ಡದು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟ, ಜೊತೆಗೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಕೊರತೆಯಾದ ಪ್ರೊಟೀನನ್ನೇ ಗುರಿಯಿಟ್ಟ ಊಟ. ಆದರೆ ಇದನ್ನು ರೂಪಿಸಿದವರಿಗೆ ಕರಾವಳಿ, ಮಲೆನಾಡಿನ ಮನೆ ಗೊತ್ತಿರಲಿಲ್ಲವೇನೋ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ತೋಡು ದಾಟಬೇಕಾದ ಊರಲ್ಲಿ, ಅಂಗಳಕ್ಕೂ ಇಳಿಯದ ಪೆದ್ಮೆದಿ ಊಟಕ್ಕೆ ಅಂಗನವಾಡಿಯವರೆಗೆ ನಡೆದು ಹೋಗುವುದುಂಟೇ? ಊಟ ಬಾಣಂತಿಯ ಹತ್ತಿರ ಹೋಗಬೇಕು, ಬಾಣಂತಿ ಊಟದ ಹತ್ತಿರ ಅಲ್ಲ.

ಕೈಗಳು ಎಲ್ಲಿ ಹೋದವು?

ನಮ್ಮವರು ಮುಂಬಯಿಯ ಹೋಟೆಲುಗಳನ್ನು ನಂಬಿದ್ದ ಕಾಲದಲ್ಲಿ ಬಸುರಿ ಮಗಳು ಏಳು ತಿಂಗಳಾಗುತ್ತಲೇ ಊರಿಗೆ ಬರುತ್ತಿದ್ದಳು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಆ ದಾರಿ ಇನ್ನೂ ಸುಲಭವಾಯಿತು. ಈಗ ದಾರಿ ತಿರುಗಿದೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಹತ್ತಿರ ತಾಯಿಯೇ ಹೋಗುತ್ತಾಳೆ. ಸೂಟ್‌ಕೇಸಿನಲ್ಲಿ ಲೇಹ್ಯದ ಭರಣಿ, ಓಲೆಬೆಲ್ಲ, ಪೊಟ್ಟಣ ಕಟ್ಟಿದ ಮೆಂತೆ. ವೀಸಾದ ದಿನ ಮುಗಿದ ಕೂಡಲೇ ವಾಪಸ್ಸು. ಊರಿನಲ್ಲಿ ಉಳಿದವರ ಸ್ಥಿತಿಯೂ ಬೇರೆಯಲ್ಲ. ದೊಡ್ಡಮ್ಮ, ಚಿಕ್ಕಮ್ಮ, ಅತ್ತಿಗೆ ಎಂದು ನಾಲ್ಕು ಹೆಂಗಸರು ಹಂಚಿಕೊಳ್ಳುತ್ತಿದ್ದ ಕೆಲಸ ಈಗ ಅರವತ್ತು ದಾಟಿದ, ಮಂಡಿನೋವಿನ ಒಬ್ಬ ಅಜ್ಜಿಯ ತಲೆಗೆ. ಮೀಯಿಸುವ ಹೆಂಗಸು ಸಿಗುವುದಿಲ್ಲ. ಸಿಕ್ಕರೆ ದಿನಕ್ಕೆ ನಾಲ್ಕು ಮನೆ. ಸೂಲಗಿತ್ತಿ ನರಸಮ್ಮನಂಥವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಕೈಮುಗಿದೆವು. ಆ ಕಸುಬಿಗೆ ಉತ್ತರಾಧಿಕಾರಿಗಳನ್ನು ಹುಡುಕಲಿಲ್ಲ.

ಜಗತ್ತು ಏನು ಮಾಡುತ್ತಿದೆ ನೋಡಿ. ಜಪಾನಿನಲ್ಲಿ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಗೆ ‘ಸಾತೊಗಾಯೆರಿ’ ಎಂಬ ಹೆಸರೇ ಇದೆ. ಚೀನಾದಲ್ಲಿ ‘ತಿಂಗಳು ಕೂರುವುದು’ ಎನ್ನುತ್ತಾರೆ. ತಣ್ಣೀರು ಬೇಡ, ಗಾಳಿ ಬೇಡ, ಶುಂಠಿ ಬೇಕು. ಕೊರಿಯಾದಲ್ಲಿ ಬಾಣಂತಿಗೆ ಕೊಡುವ ಕಡಲಪಾಚಿಯ ಸಾರನ್ನು ಮಕ್ಕಳು ದೊಡ್ಡವರಾದ ಮೇಲೂ ಹುಟ್ಟುಹಬ್ಬದ ದಿನ ಕುಡಿಯುತ್ತಾರೆ. ಹುಟ್ಟಿದವನಿಗಿಂತ ಹೆತ್ತವಳನ್ನು ನೆನೆಯಲು. ನೆದರ್ಲೆಂಡ್ಸ್ ಮಾತ್ರ ಅಜ್ಜಿಯ ಕೆಲಸವನ್ನು ಕಾನೂನಿನೊಳಗೆ ತಂದಿದೆ. ಹೆರಿಗೆಯಾದ ಮನೆಗೆ ತರಬೇತಿ ಪಡೆದ ಆರೈಕೆದಾರರು ಸುಮಾರು ಒಂದು ವಾರ ದಿನವೂ ಬರುತ್ತಾರೆ, ತಾಯಿಯ ಗಾಯ ನೋಡುತ್ತಾರೆ, ಹಾಲೂಡಿಸಲು ಕಲಿಸುತ್ತಾರೆ, ಮನೆಗೆಲಸಕ್ಕೂ ಕೈಹಾಕುತ್ತಾರೆ. ದುಡ್ಡು ಆರೋಗ್ಯ ವಿಮೆಯಿಂದ. ನಮ್ಮಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು, ಒಳ್ಳೆಯದಾಯಿತು. ಬೀಡಿಯ ಸೂಪಿನ ಮುಂದೆ, ಮೀನಿನ ಬುಟ್ಟಿಯ ಮುಂದೆ ಕುಳಿತವಳಿಗೆ ರಜೆ ಕೊಡುವ ಧಣಿ ಯಾರು?

ಮನೆಯೊಳಗೇ ಖಾಲಿ ಕೂತಿರುವ ಎರಡು ಕೈಗಳಿವೆ, ಗಂಡನವು. ತವರಿನ ಬಾಣಂತನದಲ್ಲಿ ಅವನು ಭಾನುವಾರದ ನೆಂಟ. ಹಣ್ಣಿನ ಚೀಲ ಹಿಡಿದು ಬಂದು, ಮಗುವನ್ನು ಎರಡು ನಿಮಿಷ ಎತ್ತಿ, ಊಟ ಮಾಡಿ ಹೋಗುವವನು. ಈಗ ಇಬ್ಬರೇ ಇರುವ ಮನೆಗಳಲ್ಲಿ ಆ ಪಾತ್ರ ಸಾಲದು. ಮೆಂತೆ ನೆನೆಹಾಕಲು, ಕಾಯಿ ತುರಿಯಲು, ರಾತ್ರಿ ಎರಡಕ್ಕೆ ಮಗುವಿನ ಬಟ್ಟೆ ಬದಲಿಸಲು ಗಂಡಸಿನ ಕೈಗೆ ಯಾವ ಅಡ್ಡಿಯೂ ಇಲ್ಲ. ಮೇಲೆ ಬರೆದ ಗಂಜಿಯ ವಿಧಾನವನ್ನು ಅವರಿಗೆಂದೇ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಕೇರಿ ನೋಡಿದರೆ ಉಳಿಸಿಕೊಳ್ಳಬೇಕಾದ ಕಾಳು ಇಷ್ಟು: ವಿಶ್ರಾಂತಿ, ಬಿಸಿ ಊಟ, ಎಣ್ಣೆ-ನೀರು, ಜೊತೆಗೆ ಜನ. ತೂರಿಬಿಡಬೇಕಾದ ಜೊಳ್ಳು: ಬಾಯಾರಿಕೆ, ಹೊಗೆ, ನಂಜಿನ ಉದ್ದ ಪಟ್ಟಿ, ಅಳುವವಳ ಬಾಯಿ ಮುಚ್ಚಿಸುವ ಮಾತು.

ಕೊನೆಗೆ ಒಂದು ವಿನಂತಿ. ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನವನ್ನು ಯಾವ ಮನೆಯೂ ಮರೆಯುವುದಿಲ್ಲ. ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿರುತ್ತೇವೆ. ಹೆರಿಗೆಯಾದ ಆರನೇ ವಾರ ತಾಯಿಯನ್ನೂ ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದು ಅದೇ ವಾರ. ಮುಂದಿನ ಸಲ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದಾಗ ತಾಯಿಯ ಹೆಸರಿಗೂ ಒಂದು ಚೀಟಿ ಮಾಡಿಸಿ. ರಕ್ತ, ರಕ್ತದೊತ್ತಡ, ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಸಕ್ಕರೆ, ಗಾಯ, ಇಷ್ಟನ್ನು ನೋಡಿಸಿ. ನಿದ್ದೆ ಬರುತ್ತದಾ ಎಂದು ಅವಳನ್ನೇ ಕೇಳಿ, ಉತ್ತರ ಅವಳೇ ಹೇಳಲಿ.